ಮೇಸ್ತ್ರಿಯ ಅಡಿಕೋಲು, ತಮ್ಮನ ದೋಣಿ

ಮೊನ್ನೆ ಮೇಜಿನ ಖಾನೆ ಖಾಲಿ ಮಾಡುವಾಗ ತಳದಲ್ಲಿ ಒಂದು ಅಡಿಕೋಲು ಸಿಕ್ಕಿತು. ಹಳದಿ ಮರ, ತುದಿಗೆ ಹಿತ್ತಾಳೆ ಪಟ್ಟಿ. ನನ್ನ ಅಡಿಕೋಲಿನ ಪಕ್ಕ ಇಟ್ಟು ನೋಡಿದೆ. ಒಂದು ನೂಲು, ಅಂದರೆ ಅಂಗುಲದ ಎಂಟನೇ ಒಂದು ಭಾಗದಷ್ಟು ಹೆಚ್ಚು ಉದ್ದವಿತ್ತು. ಅದು ತಪ್ಪು ಕೋಲಲ್ಲ. ಭದ್ರಾವತಿಯ ನ್ಯೂ ಟೌನಿನಲ್ಲಿ ನಮ್ಮ ಪಕ್ಕದ ಕ್ವಾರ್ಟರ್ಸಿನಲ್ಲಿದ್ದ ಮೇಸ್ತ್ರಿಯದು...

ಅವರು ಕಾರ್ಖಾನೆಯಲ್ಲಿ ಎರಕಕ್ಕೆ ಬೇಕಾದ ಮರದ ಮಾದರಿ ಮಾಡುತ್ತಿದ್ದರು. ಕರಗಿದ ಕಬ್ಬಿಣ ಆರಿದಾಗ ಕುಗ್ಗುತ್ತದೆ. ಅದಕ್ಕೇ ಆ ಕೆಲಸದವರ ಅಡಿ ಒಂದು ನೂಲು ಹೆಚ್ಚು. ಇಪ್ಪತ್ತು ವರ್ಷ ಅದರಲ್ಲೇ ಅಳೆದವರಿಗೆ ಲೋಕದಲ್ಲಿ ಬೇರೆ ಅಡಿಯೊಂದಿದೆ ಎಂಬುದೇ ಮರೆತಂತಿತ್ತು.

ಅವರ ಊರು ಹೊನ್ನಾವರದ ಕಡೆ. ಅಲ್ಲಿ ಸಮುದ್ರದಲ್ಲಿ ಮೀನು ಹಿಡಿಯುತ್ತಿದ್ದ ತಮ್ಮನ ಬಲಗಾಲು, ದೋಣಿಯನ್ನು ದಡಕ್ಕೆ ಎಳೆಯುವಾಗ ಅದರಡಿ ಸಿಕ್ಕಿ, ಮಂಡಿಯವರೆಗೆ ಹೋಯಿತು. ನಿಂತು ಬಲೆ ಎಳೆಯಲಾರದವನನ್ನು ಯಾರೂ ದೋಣಿ ಹತ್ತಿಸಲಿಲ್ಲ. ಅಣ್ಣನ ಮನೆಗೆ ಬಂದು ಎರಡು ತಿಂಗಳು ಜಗಲಿಯಲ್ಲಿ ಸುಮ್ಮನೆ ಕೂತಿದ್ದು ಹೋದ. ಆಮೇಲೊಂದು ದಿನ ಮೇಸ್ತ್ರಿ ಕಾರ್ಖಾನೆಯ ಕ್ಲಬ್ಬಿನ ಓದುವ ಕೋಣೆಯಲ್ಲಿ ನನಗೊಂದು ಚಿತ್ರ ತೋರಿಸಿದರು. ಹಿಮದ ನಾಡಿನ ಬೇಟೆಗಾರ, ಒಬ್ಬನೇ ಹಿಡಿಸುವ ಸಪೂರ ದೋಣಿ, ಎರಡೂ ತುದಿಗೆ ಹಲಗೆಯಿದ್ದ ಹುಟ್ಟು.

"ನೋಡು ಮಾರಾಯ, ಇದರಲ್ಲಿ ನಿಲ್ಲೋ ಕೆಲಸವೇ ಇಲ್ಲ. ಮನುಷ್ಯ ಸೊಂಟದಿಂದ ಮೇಲೆ ಇದ್ರೆ ಸಾಕು."

ಈಗ ಅದನ್ನು ಕಯಾಕ್ ಎನ್ನುತ್ತಾರೆ. ನಾವು ಕೂರುದೋಣಿ ಎಂದೆವು.

ಹಿತ್ತಲಲ್ಲಿ ಬಿದಿರು ಸೀಳಿ ದೋಣಿಯ ಹಂದರ ಕಟ್ಟಿದರು. ಅದಕ್ಕೆ ಟೆಂಟಿನ ಬಟ್ಟೆಯ ಹೊದಿಕೆ. ಶಿವಮೊಗ್ಗದಲ್ಲಿ ಬಿ.ಎಸ್‌ಸಿ. ಓದುತ್ತಿದ್ದ ನಾನು, ಮೇಸ್ತ್ರಿ ಅಳೆದು ಹೇಳಿದ್ದನ್ನು ಬರೆದುಕೊಂಡು ಹೋಗಿ ಗಾಂಧಿ ಬಜಾರಿನ ದರ್ಜಿಯಿಂದ ಹೊಲಿಸಿ ತಂದೆ. ತೊಡಿಸಿದರೆ ಒಂದೂಮುಕ್ಕಾಲು ಅಂಗುಲ ಗಿಡ್ಡ!

"ಕಾಲೇಜಲ್ಲಿ ಇದನ್ನೇ ಕಲಿಸೋದಾ?" ಎಂದರು ಮೇಸ್ತ್ರಿ. ನಾನೇ ತಪ್ಪು ಬರೆದೆನೆಂದು ಒಪ್ಪಿಕೊಂಡುಬಿಟ್ಟೆ. ಆದರೆ ಅವರ ಹೆಂಡತಿ ಹೊಲಿಗೆ ಮೆಷಿನ್ನಿನ ಟೇಪು ತಂದು ಹಂದರವನ್ನೇ ಅಳೆದರು. ಹದಿನಾಲ್ಕು ಅಡಿಗೆ ಹದಿನಾಲ್ಕು ನೂಲು ಹೆಚ್ಚಿತ್ತು.

"ನಿಮ್ಮ ತಮ್ಮ ಆರಿದ ಮೇಲೆ ಕುಗ್ತಾನೇನ್ರೀ?" ಎಂದು ಕೇಳಿದರು ಆಕೆ.

ಮೇಸ್ತ್ರಿ ಅಡಿಕೋಲನ್ನು ಜೇಬಿಗಿಟ್ಟರು. ತುಂಡು ಬಟ್ಟೆ ಸೇರಿಸಲು ಒಪ್ಪಲಿಲ್ಲ. ಆ ಹೊಲಿಗೆಯಲ್ಲಿ ಸಮುದ್ರ ಒಳಗೆ ಬರುತ್ತದೆಂದರು. ಹಂದರದ ಮೂತಿಯನ್ನು ಕೊಯ್ದು, ಹೊದಿಕೆ ತೊಡಿಸಿ ಡಾಂಬರು ಬಳಿದರು.

ಭಾನುವಾರ ಭದ್ರಾ ನದಿಗೆ ಹೊತ್ತುಕೊಂಡು ಹೋದೆವು. ದಡದಲ್ಲಿ ಅವರು ತಮ್ಮ ಬಲಗಾಲನ್ನು ಮಡಚಿ ಟವೆಲಿನಿಂದ ಬಿಗಿದುಕೊಂಡರು.

"ಬೇಡ ಮೇಸ್ತ್ರೀ. ಮಗುಚಿದ್ರೆ?"

"ಎರಡು ಕಾಲಿನೋನು ತೇಲಿದ್ರೆ ಏನು ಗೊತ್ತಾದ ಹಾಗಾಯ್ತು?"

ಬೆನ್ನ ಹಿಂದೆ ಮೀನಿನ ಬದಲು ಮರಳಿನ ಚೀಲ. ದೋಣಿ ನೆಟ್ಟಗೆ ಸಾಗಿತು. ಇನ್ನು ಬಲೆಯ ಜಗ್ಗಾಟ ನೋಡಬೇಕಿತ್ತು. ಅವರು ಹಗ್ಗದ ಒಂದು ತುದಿ ಹಿಡಿದುಕೊಂಡು, ಇನ್ನೊಂದನ್ನು ದಡದಲ್ಲಿದ್ದ ನನ್ನ ಕೈಗೆಸೆದು, ಪಕ್ಕಕ್ಕೆ ಎಳೆ ಎಂದರು. ಎಳೆದೆ. ದೋಣಿ ಮಗುಚಿತು.

ನಾನು ನೀರಿಗೆ ಹಾರಿ ಅವರನ್ನು ಎತ್ತಿದೆ... ಮನೆಯಲ್ಲಿ ಇದನ್ನು ಎಷ್ಟೋ ಸಲ ಹೇಳಿದ್ದೇನೆ. ನೀರಿನ ತಂಪು ಕೂಡ ಮೈಗೆ ನೆನಪಿದೆ. ಅಡಿಕೋಲು ಸಿಕ್ಕ ಮೇಲೆ ಅಂದಿನ ಡೈರಿ ತೆಗೆದು ನೋಡಿದೆ: "ಮೇಸ್ತ್ರಿ ತಾವೇ ಎದ್ದರು. ನಾನು ಹಗ್ಗ ಹಿಡಿದುಕೊಂಡೇ ನಿಂತಿದ್ದೆ." ಅಕ್ಷರ ನನ್ನದೇ.

ಅವರು ಟವೆಲು ಬಿಚ್ಚದೆ ದಡಕ್ಕೆ ತೆವಳಿ ಬಂದು ಕೆಮ್ಮಿದರು. "ಪಕ್ಕಕ್ಕೆ ಎಳೆದ್ರೆ ಯಾವ ದೋಣಿಯಾದ್ರೂ ಬೀಳುತ್ತೆ. ಮೂತಿಯಿಂದ ಎಳೆಸಬೇಕು."

ಮುಂದಿನ ಭಾನುವಾರದ ಹೊತ್ತಿಗೆ ಮೂತಿಯಲ್ಲೊಂದು ಮರದ ಕವೆ ಬಂದಿತ್ತು. ಹಗ್ಗ ಅದರ ಮೂಲಕ ಹಾದು ಅವರ ಕೈ ಸೇರುತ್ತಿತ್ತು. ಮತ್ತೆ ಕಾಲು ಕಟ್ಟಿಕೊಂಡರು. ನಾನು ಹೆದರಿ ಮೆಲ್ಲಗೆ ಎಳೆದೆ. "ಊಟ ಮಾಡಿಲ್ವಾ? ಎಳಿ!" ಎಂದು ಗದರಿದರು. ಇದ್ದ ಬಲವೆಲ್ಲ ಹಾಕಿದೆ. ದೋಣಿ ವಾಲಲಿಲ್ಲ, ಮೂತಿಯನ್ನು ನನ್ನ ಕಡೆ ತಿರುಗಿಸಿಕೊಂಡು ಬಂತು. ಅವರು ಅದರೊಳಗೆ ಕಾರ್ಖಾನೆಯ ಸಾಹೇಬರ ಹಾಗೆ ಕೂತಿದ್ದರು. ಇದು ಡೈರಿಯಲ್ಲೂ ಇದೆ.

ದೋಣಿ ಲಾರಿಯ ಮೇಲೆ ಘಟ್ಟ ಇಳಿಯಿತು. ಸಮುದ್ರದಲ್ಲಿ ನೋಡೋಣ ಬಾ ಎಂದು ಮೇಸ್ತ್ರಿ ಕರೆದಾಗ ನನಗೆ ಪರೀಕ್ಷೆಯಿತ್ತು. ಮುಂದಿನ ಸಲ ಎಂದೆ. ಅವರಿಗೂ ರಜೆ ಸಿಗಲಿಲ್ಲ. ತಿಂಗಳ ಮೇಲೆ ತಮ್ಮನ ಕಾರ್ಡು ಬಂತು. "ಅಣ್ಣಾ, ಬಂಗುಡೆ ಸಿಕ್ಕಿತು. ಒಬ್ಬನೇ ಹೋಗಿ ಒಬ್ಬನೇ ಬಂದೆ." ಮೇಸ್ತ್ರಿ ಆ ಕಾರ್ಡನ್ನು ಅಂಗಿಯ ಜೇಬಿನಲ್ಲಿ ಅಡಿಕೋಲಿನ ಜೊತೆ ಇಟ್ಟುಕೊಂಡು ಓಡಾಡಿದರು.

ಮುಂದಿನ ಸಲ ಬರಲಿಲ್ಲ. ಎರಡು ವರ್ಷದಲ್ಲಿ ಎದೆನೋವು ಬಂದು ಅವರು ಹೋದರು. ಕ್ವಾರ್ಟರ್ಸು ಬಿಡುವ ದಿನ ಅವರ ಹೆಂಡತಿ ಈ ಕೋಲನ್ನು ನನ್ನ ಕೈಗಿತ್ತು, "ಇದರಲ್ಲಿ ಬಟ್ಟೆ ಅಳೀಬೇಡಪ್ಪ" ಎಂದರು.

ಆ ದೋಣಿ ಅಲೆಯ ಮೇಲೆ ಹೇಗೆ ಹೋಗುತ್ತಿತ್ತೋ ಅವರು ನೋಡಲಿಲ್ಲ, ನಾನೂ ನೋಡಲಿಲ್ಲ. ಕಣ್ಣು ಮುಚ್ಚಿದರೆ ಚಿತ್ರವೊಂದು ಬರುತ್ತದೆ, ಚೆನ್ನಾಗಿಯೇ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ.