ಹೊಕ್ಕಳ ಪಕ್ಕದ ಎರಡು ಕಲೆ

ಚಳಿಗಾಲದಲ್ಲಿ ನಮ್ಮ ಮನೆಯ ಅತಿ ದೀರ್ಘ ಕಲಾಪವೆಂದರೆ ಮಕ್ಕಳ ಸ್ನಾನ. ಈ ಸೀಮೆಯವರಿಗೂ ಚಳಿಯಾಗುತ್ತದೆಯೇ ಎಂದು ಹೊರಗಿನವರು ನಗುತ್ತಾರೆ. ಅವರೆಲ್ಲ ಬೇಸಿಗೆಯಲ್ಲಿ ಬಂದು, ಬೆಂದು, ನಮ್ಮನ್ನು ಶಾಶ್ವತವಾಗಿ ಅದೇ ಬಿಸಿಲಿನಲ್ಲಿ ನಿಲ್ಲಿಸಿ ಹೋದವರು. ಎಳ್ಳಮಾವಾಸ್ಯೆಯ ಆಸುಪಾಸಿನಲ್ಲಿ ಜೇವರ್ಗಿಯ ಒಂದು ಬೆಳಗನ್ನು ಕಳೆದು ನೋಡಿ. ಕಣ್ಣಿಗೆ ಏನೂ ಕಾಣುವುದಿಲ್ಲ. ಒಣ ಗಾಳಿಯೊಂದು ಕರಿನೆಲದ ಮೇಲಿಂದ ಹಾದುಬಂದು ಮಕ್ಕಳ ಕೆನ್ನೆಯನ್ನು ಆ ನೆಲದಂತೆಯೇ ಬಿರಿಸುತ್ತದೆ. ಆ ಬಿರಿದ ಕೆನ್ನೆಗೆ ಬಿಸಿನೀರು ತಾಕಿದರೆ ಉರಿ. ಆದ್ದರಿಂದ ಒಂದನೆಯ ತರಗತಿಯ ನನ್ನ ಮಗಳು ಮುಕ್ತಾ, ನಿನ್ನೆಯ ಸ್ನಾನ ಇನ್ನೂ ಮೈಮೇಲೇ ಇದೆ ಎಂದು ವಕೀಲರಂತೆ ವಾದಿಸುತ್ತಾಳೆ. ಈ ವ್ಯಾಜ್ಯದಲ್ಲಿ ನನಗಿದ್ದ ಒಂದೇ ದಾರಿ ಲಂಚ, ಅಂದರೆ ಕಥೆ. ಅದರಲ್ಲೂ ಅವಳಿಗೆ ಬೇಕಾದದ್ದು ಒಂದೇ ಕಥೆ.

ನನ್ನ ಹೊಕ್ಕಳ ಪಕ್ಕದಲ್ಲಿ ತೊಗರಿಕಾಳಿನಷ್ಟು ದೊಡ್ಡ ಎರಡು ಕಲೆಗಳಿವೆ. ಸೆರಗು ಸಿಕ್ಕಿಸಿ ಮಕ್ಕಳಿಗೆ ನೀರೆರೆಯುವಾಗ ಅವು ಅವಳ ಕಣ್ಣಿನ ಮಟ್ಟಕ್ಕೇ ಬರುತ್ತವೆ. ನಾನು ಎದೆಹಾಲಿನ ಕೂಸಾಗಿದ್ದಾಗ ಥಂಡಿ ಹತ್ತಿ ಉಸಿರು ಕಟ್ಟಿತ್ತಂತೆ, ದಬ್ಬಣ ಕಾಯಿಸಿ ಹೊಟ್ಟೆಗೆ ಚುಟಿಗೆ ಕೊಟ್ಟರಂತೆ, ಉಳಿದೆನಂತೆ. ಅವ್ವ ಹೇಳಿದ್ದು ಇಷ್ಟೇ. ಉಳಿದದ್ದೆಲ್ಲ ನನ್ನ ಕೈಚಳಕ. ನನ್ನ ಕಥೆಯಲ್ಲಿ ದಬ್ಬಣ ಕಂಡ ರೋಗವು ಧೋತರದ ಕಚ್ಚೆ ಎತ್ತಿ ಕಟ್ಟಿಕೊಂಡು, ಭೀಮಾ ನದಿ ಹಾರಿ, ಅಫಜಲಪುರದ ಕಡೆ ಓಡಿಹೋಗುತ್ತಿತ್ತು. ಅದು ನದಿ ದಾಟುವಷ್ಟರಲ್ಲಿ ಮುಕ್ತಾಳ ತಲೆಯ ಸೀಗೆಪುಡಿ ತೊಳೆದು ಹೋಗಿರುತ್ತಿತ್ತು.

ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆ. ದಿನಚರಿ ಬರೆಯುವುದೂ ಅದಕ್ಕೇ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ, ಈಗ ಕಾಲೇಜಿನಲ್ಲಿ ಅದನ್ನೇ ಕಲಿಸುತ್ತೇನೆ. ಹೇಳುವವರು ಯಾರು, ಹೇಳದೆ ಉಳಿದವರು ಯಾರು ಎಂದು ಮೊದಲು ವಿಚಾರಿಸಿರಿ ಎಂದು ಪ್ರತಿ ವರ್ಷ ಹುಡುಗರಿಗೆ ಉಪದೇಶಿಸುತ್ತೇನೆ. ಸಾಮ್ರಾಜ್ಯಗಳನ್ನೇ ಕಟಕಟೆಗೆ ಹತ್ತಿಸುವ ಈ ಪಂಡಿತೆಗೆ ತನ್ನ ಹೊಟ್ಟೆಯನ್ನು ಮಾತ್ರ ವಿಚಾರಿಸಬೇಕೆಂದು ಎಂದೂ ಹೊಳೆದಿರಲಿಲ್ಲ.

ಹೋದ ವರ್ಷ ಎಳ್ಳಮಾವಾಸ್ಯೆಗೆಂದು ಮಕ್ಕಳನ್ನು ಕರೆದುಕೊಂಡು ತವರೂರು ನೆಲೋಗಿಗೆ ಹೋಗಿದ್ದೆ. ಆಳಂದದಲ್ಲಿ ಶಾಲಾ ಮಾಸ್ತರರಾಗಿರುವ ನಮ್ಮವರು ಸಂಜೆಯ ಬಸ್ಸಿಗೆ ಬರುವವರಿದ್ದರು. ಇನ್ನೂ ಅಂಬೆಗಾಲಿಕ್ಕುತ್ತಿದ್ದ ಮಗನಿಗೆ ಕೆಮ್ಮು ಇತ್ತು. ಚಳಿಗಾಲದಲ್ಲಿ ಕೂಸಿನ ಕೆಮ್ಮಿಗೆ ನಮ್ಮಲ್ಲಿ ಎಲ್ಲ ತಾಯಂದಿರೂ ಮಾಡುವುದನ್ನೇ ನಾನೂ ಮಾಡಿದ್ದೆ: ಅಂಗಿಯ ಮೇಲೆ ಅಂಗಿ, ಅದರ ಮೇಲೆ ಸ್ವೆಟರು, ತಲೆಗೆ ಕುಂಚಿಗೆ, ಎಲ್ಲದರ ಮೇಲೆ ಕೌದಿ. ಹೊರಗೆ ಕಾಣುತ್ತಿದ್ದುದು ಮೂಗು ಮಾತ್ರ. ‘ಕೂಸಿಗೆ ಸ್ವಲ್ಪ ಕೆಮ್ಮು, ಬೆಚ್ಚಗಿದ್ದಾನೆ’ ಎಂದು ದಿನಚರಿಯಲ್ಲಿ ಬರೆದೂ ಬಿಟ್ಟಿದ್ದೆ. ಆ ಸಾಲು ಇಂದಿಗೂ ಹಾಗೆಯೇ ಇದೆ. ಬರೆದಿಟ್ಟದ್ದಾದರೂ ನಿಜವಿರುತ್ತದೆ ಎಂದು ನಂಬಿದವರು ಅದನ್ನು ಓದಬೇಕು.

ಅಂದು ಬೆಳಗ್ಗೆ ಅಂಗಳದಲ್ಲಿ ತೊಗರಿಕಟ್ಟಿಗೆಯ ಬೆಂಕಿಯ ಮೇಲೆ ಹಂಡೆ ಕಾಯುತ್ತಿತ್ತು. ಎಳೆಬಿಸಿಲಿಗೆ ಕೌದಿ ಹಾಸಿ ಕೂಸನ್ನು ಮಲಗಿಸಿದ್ದೆವು. ಅವ್ವ ಹಬ್ಬದ ಭಜ್ಜಿ ಪಲ್ಯಕ್ಕೆ ಕಾಯಿಪಲ್ಲೆ ಹೆಚ್ಚುತ್ತ ಅಡುಗೆಮನೆಯಲ್ಲಿದ್ದಳು. ನಾನು ಟವೆಲು ತರಲು ಒಳಗೆ ಹೋದೆ. ತಿರುಗಿ ಹೊಸ್ತಿಲಿಗೆ ಬಂದಾಗ ಕಂಡದ್ದನ್ನು ನಾನು ಬೆಳೆಸಿ ಹೇಳುತ್ತಿಲ್ಲವೆಂದು ಎಷ್ಟು ಸಲ ಪರೀಕ್ಷಿಸಿಕೊಂಡಿದ್ದೇನೋ. ಮುಕ್ತಾ ತಮ್ಮನ ಕೌದಿ ಸರಿಸಿ, ಅಂಗಿಗಳನ್ನೆಲ್ಲ ಕುತ್ತಿಗೆಯವರೆಗೆ ಎತ್ತಿದ್ದಳು. ಒಂದು ಕೈಯಲ್ಲಿ ಅವ್ವನ ಕೌದಿ ಹೊಲಿಯುವ ದಬ್ಬಣ. ಸುಡಬಾರದೆಂದು ಅದರ ಹಿಡಿಗೆ ಬಟ್ಟೆ ಸುತ್ತಿಕೊಂಡಿದ್ದಳು. ದಬ್ಬಣದ ತುದಿ ಕೆಂಪಗಿತ್ತು. ಇನ್ನೊಂದು ಕೈಯಿಂದ ತಮ್ಮನ ಹೊಟ್ಟೆ ಸವರುತ್ತ, ಅವ್ವನದೇ ರಾಗದಲ್ಲಿ ಸಮಾಧಾನ ಹೇಳುತ್ತಿದ್ದಳು.

“ಅಳಬ್ಯಾಡ್ಲೇ ತಮ್ಯಾ, ಒಂದ ಸಲಾ ಚುರ್ ಅಂತದ, ಆಮ್ಯಾಲ ಓಡಿ ಹೋಗ್ತದ.”

ಹೇಗೆ ಅಲ್ಲಿಗೆ ಮುಟ್ಟಿದೆನೋ ಗೊತ್ತಿಲ್ಲ. ದಬ್ಬಣ ಕಿತ್ತು ಎಸೆದೆ. ಮಗಳ ಕೆನ್ನೆಗೆ, ಆ ಬಿರಿದ ಕೆನ್ನೆಗೆ, ಹೊಡೆದೆ. ಅವಳು ಅಳಲಿಲ್ಲ, ಕೆನ್ನೆ ಹಿಡಿದುಕೊಂಡು, ನ್ಯಾಯ ಕೇಳುವವಳಂತೆ ನನ್ನನ್ನು ನೋಡಿದಳು.

“ನಿನಗ ಕೊಟ್ಟಿದ್ದಕ್ಕ ನೀ ಉಳದಿಯಲ್ಲ ಮಮ್ಮಿ. ಅಂವಾ ಉಳೀಬಾರದೇನು? ಅವಗ ಉಸರ ಬರವಲ್ದು, ನೋಡು.”

ನೋಡಿದೆ. ರಾತ್ರಿಯಿಂದ ನಾನು ನೋಡಿರಲಿಲ್ಲ, ಬಟ್ಟೆಗಳನ್ನು ನೋಡಿದ್ದೆ. ಬಿಸಿಲಿಗೆ ಬತ್ತಲಾಗಿದ್ದ ಆ ಪುಟ್ಟ ಎದೆಯಲ್ಲಿ ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಅಳಬ್ಯಾಡ ಎಂದು ಅಕ್ಕ ಹೇಳುತ್ತಿದ್ದಳಲ್ಲ, ಅವನಿಗೆ ಅಳುವ ತ್ರಾಣವೇ ಇರಲಿಲ್ಲ.

ಪಕ್ಕದ ಮನೆಯವರ ಜೀಪಿನಲ್ಲಿ ಜೇವರ್ಗಿಗೆ ಹೋದೆವು. ಅವ್ವ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಆಸ್ಪತ್ರೆಯಲ್ಲಿ ಕೂಸಿನ ಮೂಗಿಗೆ ನಳಿಕೆ ಏರಿಸಿದ ಮೇಲೆ ಡಾಕ್ಟರು ನನ್ನ ಕಡೆ ತಿರುಗಿ, ಬಟ್ಟೆಯೊಳಗೇ ಇಟ್ಟಿದ್ದರೆ ಮಧ್ಯಾಹ್ನದ ಹೊತ್ತಿಗೆ ಕೈ ಮೀರುತ್ತಿತ್ತು ಎಂದರು; ಬಿಚ್ಚಿ ನೋಡಿದವರು ಯಾರು ಎಂದು ಕೇಳಿದರು. ನಾನು ಮಗಳ ಕಡೆ ಕೈ ತೋರಿಸಿದೆ. ಶಾಣ್ಯಾಕಿ ಎಂದು ಅವರು ಅವಳ ತಲೆ ಸವರಿದರು. ಆ ಕೆನ್ನೆಯ ಮೇಲೆ ನನ್ನ ಬೆರಳುಗಳು ಇನ್ನೂ ಮೂಡಿದ್ದವು. ತಾಯಿಯೊಬ್ಬಳು ಅಷ್ಟು ಸಣ್ಣವಳಾಗಲು ಅದಕ್ಕಿಂತ ದೊಡ್ಡ ಬೈಗುಳ ಬೇಕಿಲ್ಲ.

ಹೊಗಳಿಕೆಯಿಂದ ಧೈರ್ಯ ಬಂದು ಮುಕ್ತಾ ಅಜ್ಜಿಯನ್ನು ಕೇಳಿದಳು: “ಆಯಿ, ಇಲ್ಲೂ ಚುಟಿಗಿ ಕೊಡ್ತಾರೇನು?”

ಅವ್ವ ಅವಳನ್ನು ನೋಡಲಿಲ್ಲ. ಬಾಗಿಲಾಚೆ ಮಲಗಿದ್ದ ಕೂಸನ್ನೇ ನೋಡುತ್ತ ಹೇಳಿದಳು.

“ಇಲ್ಲವ್ವ. ನಿಮ್ಮವ್ವಗಿಂತ ಮೊದಲ ನಿನಗೊಬ್ಬ ಮಾಮಾ ಹುಟ್ಟಿದ್ದ. ಅವಗೂ ಕೊಟ್ಟಿದ್ದಿವಿ.”

ನನಗೊಬ್ಬ ಅಣ್ಣನಿದ್ದ ಸಂಗತಿ ನನಗೆ ಗೊತ್ತಾದದ್ದು ಹೀಗೆ, ಆಸ್ಪತ್ರೆಯ ಬೆಂಚಿನ ಮೇಲೆ, ನನ್ನ ಮಗಳಿಗೆ ಹೇಳಿದ ಮಾತಿನಲ್ಲಿ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದೆ. ಗಟ್ಟಿಯಾಗಿಯೇ ಅಂದಿರಬೇಕು, ಆಚೆಯ ಬೆಂಚಿನವರು ತಿರುಗಿ ನೋಡಿದರು.

“ನೀ ಉಳದಿ, ಹೊಟ್ಟಿ ಮ್ಯಾಲಿನ ಕಲಿ ತೋರಿಸಿ ಕೇಳಿದಿ, ಹೇಳಿದೆ” ಎಂದಳು ಅವ್ವ. “ಹೋದಾಂವ ಏನ ತೋರಿಸಿ ಕೇಳ್ಯಾನ?”

ತರಗತಿಯಲ್ಲಿ ಇಡೀ ವರ್ಷ ನಾನು ಹೇಳುವುದನ್ನು ಅವಳು ಎರಡು ವಾಕ್ಯದಲ್ಲಿ ಮುಗಿಸಿದಳು ಎಂದು ಈಗ ಬರೆಯಬಲ್ಲೆ. ಆಗ ಹಾಗೆ ಅನಿಸಲಿಲ್ಲ. ಎರಡು ಕೂಸುಗಳಿಗೆ ಒಂದೇ ದಬ್ಬಣ ಮುಟ್ಟಿಸಿದ್ದರು. ಒಂದು ಅದರಿಂದಾಗಿ ಅಲ್ಲ, ಅದರ ಹೊರತಾಗಿಯೂ ಉಳಿಯಿತು. ಉಳಿದದ್ದು ಬೆಳೆದು, ಓದಿ, ಆ ದಬ್ಬಣಕ್ಕೆ ಕಥೆ ಕಟ್ಟಿ, ನಗೆ ಬೆರೆಸಿ, ದಿನಾ ಬೆಳಗ್ಗೆ ತನ್ನ ಮಗಳಿಗೆ ಬಿಸಿನೀರಿನೊಂದಿಗೆ ಎರೆಯಿತು.

ಮಗ ಉಳಿದ. ಈಗ ನಡೆಯುತ್ತಾನೆ, ಅಕ್ಕನ ಜಡೆ ಎಳೆಯುತ್ತಾನೆ. ಈ ಚಳಿಗಾಲದಲ್ಲಿ ಅವನು ಒಮ್ಮೆ ಕೆಮ್ಮಿದರೆ ಸಾಕು, ಮೊದಲು ಅಂಗಿ ಎತ್ತಿ ಎದೆ ನೋಡುತ್ತೇನೆ. ಚಳಿಗೆ ಅವನು ಕಿರುಚುತ್ತಾನೆ, ಆ ಕಿರುಚಾಟ ಕೇಳಿ ನನಗೆ ಉಸಿರು ಬರುತ್ತದೆ. ಮುಕ್ತಾ ಆ ಕಥೆಯನ್ನು ಮತ್ತೆ ಕೇಳಿಲ್ಲ. ಲಂಚವಿಲ್ಲದೆ ಸ್ನಾನದ ವ್ಯಾಜ್ಯ ಇನ್ನಷ್ಟು ಉದ್ದವಾಗಿದೆ.

ಮೊನ್ನೆ ಅವ್ವ ನಮ್ಮಲ್ಲಿಗೆ ಬಂದಿದ್ದಳು. ಬೆಳಗ್ಗೆ ಮೊಮ್ಮಗಳಿಗೆ ತಾನೇ ನೀರೆರೆಯಲು ಕೂತಳು. ನಾನು ಬಾಗಿಲಲ್ಲಿ ಟವೆಲು ಹಿಡಿದು ನಿಂತಿದ್ದೆ. ಸೀಗೆಪುಡಿಯ ನಡುವೆ ಕಣ್ಣು ಮುಚ್ಚಿಕೊಂಡೇ ಮುಕ್ತಾ, ಆ ಮಾಮಾನ ಹೆಸರೇನು ಎಂದು ಕೇಳಿದಳು. ನನಗೆ ಒಂದು ವರ್ಷದಿಂದ ಕೇಳಲು ಬಾಯಿ ಬಾರದಿದ್ದ ಪ್ರಶ್ನೆ ಅದು.

ಅವ್ವ ತಂಬಿಗೆಯನ್ನು ಬಕೆಟ್ಟಿನಲ್ಲಿ ಅದ್ದಿದಳು.

“ಹೆಸರ ಇಟ್ಟಿದ್ದಿಲ್ಲವ್ವ” ಎಂದಳು. “ಥಂಡಿ ಭಾಳ ಇತ್ತು. ಥಂಡಿ ಕಡಿಮಿ ಆದ ಮ್ಯಾಲ ತೊಟ್ಲಾಗ ಹಾಕೂಣು ಅಂತ ಅಂದಿದ್ದಿವಿ.”

ನೀರು ಸುಡುತ್ತದೆಂದು ದಿನವೂ ಜಗಳ ತೆಗೆಯುವ ಹುಡುಗಿ ಅಂದು ಕೊನೆಯ ತಂಬಿಗೆಯವರೆಗೂ ಸುಮ್ಮನೆ ನಿಂತು ಮೀಯಿಸಿಕೊಂಡಳು.