ಹೊಗೆಯ ಬಣ್ಣ

ಇವತ್ತು ಬೆಳಿಗ್ಗೆ ಹಾಲು ತರಲು ಬಾಗಿಲು ತೆಗೆದರೆ ಬೀದಿಯಲ್ಲೆಲ್ಲ ಸುಟ್ಟ ಎಂಜಿನ್ ಆಯಿಲಿನ ವಾಸನೆ. ಎದುರು ಮನೆಗೆ ಹೊಸದಾಗಿ ಬಾಡಿಗೆಗೆ ಬಂದವರು ತಮ್ಮ ಹಳೆಯ ಕಾರನ್ನು ಗೇಟಿನ ಮುಂದೆ ಗುರುಗುಟ್ಟಿಸುತ್ತಿದ್ದರು. ಪಕ್ಕದ ಮನೆಯಾಕೆ ಸೆರಗನ್ನು ಮೂಗಿಗೆ ಅಡ್ಡ ಹಿಡಿದು ಒಳಗೆ ಹೋದಳು. ನಾನು ಪಾತ್ರೆ ಹಿಡಿದು ಅಲ್ಲೇ ನಿಂತೆ. ಕೆಲವರಿಗೆ ಮಲ್ಲಿಗೆಯ ವಾಸನೆ ಬಂದರೆ ಮದುವೆಯಾದ ಹೊಸತು ನೆನಪಾಗುತ್ತದಂತೆ. ನನಗೆ ನೆನಪಾಗಬೇಕಾದರೆ ಯಾರದಾದರೂ ಎಂಜಿನ್ ಕೆಡಬೇಕು.

ತೊಂಬತ್ತರ ದಶಕದ ಮೊದಲ ವರ್ಷಗಳು. ನಮ್ಮವರು ಚಿಕ್ಕಬಳ್ಳಾಪುರದ ಕೋರ್ಟಿನಲ್ಲಿ ಗುಮಾಸ್ತರು, ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಅವರ ಹೆಸರು ನಾರಾಯಣಸ್ವಾಮಿ, ಗೌರಿಬಿದನೂರಿನ ಕಡೆಯ ಜಮೀನಿನ ಮನೆಯವರು. ಗಂಡು ನೋಡಿ ಚಿಂತಾಮಣಿಗೆ ವಾಪಸು ಬಂದ ನಮ್ಮಪ್ಪ, "ಹುಡುಗ ಬಲು ಗಂಭೀರ ಕಣಮ್ಮ" ಅಂದಿದ್ದರು. ಗಂಭೀರ ಅಂದರೆ ಏನು ಅನ್ನುವುದು ನನಗೆ ಮದುವೆಯಾದ ಮೇಲೆ ತಿಳಿಯಿತು. ಸಾರು ಹೇಗಿದೆ ಅಂದರೆ ಹೂಂ. ಅಕ್ಕನ ಮಗಳಿಗೆ ಗಂಡು ಗೊತ್ತಾಯಿತಂತೆ ಅಂದರೆ ಹೂಂ. ನನಗೆ ಜ್ವರ ಅಂದರೂ ಹೂಂ; ಆದರೆ ಎದ್ದು ಹೋಗಿ ಮಾತ್ರೆ ತರುತ್ತಿದ್ದರು, ಅದನ್ನೂ ಹೇಳಬೇಕು. ಕೆಟ್ಟ ಮನುಷ್ಯರಲ್ಲ. ಮಾತು ಅವರಿಗೆ ಹುಟ್ಟಿನಿಂದಲೇ ಕಡಿಮೆ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಹಗಲೆಲ್ಲ ಊರಿನವರ ಮಾತು ಕಿವಿಗೆ ಬೀಳುತ್ತಿದ್ದವಳಿಗೆ ಮನೆಯಲ್ಲಾದರೂ ಮೌನ ಇರಲಿ ಎಂದು ದೇವರು ಯೋಚಿಸಿರಬೇಕು ಅಂದುಕೊಳ್ಳುತ್ತಿದ್ದೆ.

ಆ ಸಮಾಧಾನವನ್ನು ಕೆಡಿಸಿದವರು ಶಿಡ್ಲಘಟ್ಟದ ರಫೀಕ್ ಭಾಯ್. ರೇಷ್ಮೆ ನೂಲಿನ ವ್ಯಾಪಾರಿ. ಪಕ್ಕದವರ ಜೊತೆ ಗೋಡೆಯ ವಿಚಾರಕ್ಕೆ ಒಂದು ವ್ಯಾಜ್ಯ ಹಾಕಿಕೊಂಡು ಕೋರ್ಟಿಗೆ ಅಲೆಯುತ್ತಿದ್ದಾಗ ನಮ್ಮವರ ಪರಿಚಯವಾಯಿತು. ವ್ಯಾಜ್ಯ ರಾಜಿಯಾಯಿತು, ಸ್ನೇಹ ಉಳಿಯಿತು. ಆಮೇಲೆ ಇಬ್ಬರೂ ಸೇರಿ, ಬೆಂಗಳೂರಿನ ಯಾರೋ ಸಾಹುಕಾರರ ಶೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದ ಜಪಾನಿನ ಒಂದು ಕೆಂಪು ಕಾರನ್ನು ಕೊಂಡು ತಂದರು. ಎರಡೇ ಬಾಗಿಲು, ನೆಲಕ್ಕೆ ಅಂಟಿದಂತೆ ತಗ್ಗು. ಅದಕ್ಕೊಂದು ಟರ್ಬೊ. ಎಂಜಿನ್ನು ಉಗುಳುವ ಹೊಗೆಯ ರಭಸಕ್ಕೇ ಪುಟ್ಟ ಚಕ್ರವೊಂದು ತಿರುಗಿ, ಹೊರಗಿನ ಗಾಳಿಯನ್ನು ಒತ್ತಿ ಒತ್ತಿ ಎಂಜಿನ್ನಿಗೇ ತುಂಬುತ್ತದಂತೆ. ಆಗ ಸಣ್ಣ ಎಂಜಿನ್ನಿಗೂ ದೊಡ್ಡದರ ಶಕ್ತಿ ಬರುತ್ತದಂತೆ. ವಿವರಣೆ ಕೇಳಿದ ನಮ್ಮತ್ತೆ, "ಹೊಗೆ ತಿಂದು ಓಡೋ ಗಾಡಿ ಯಾವ ಸೀಮೇದಪ್ಪ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನಿಂಗೆ ಸವತಿ ಬಂದ್ಲು ಕಣಮ್ಮ" ಅಂತ ನಕ್ಕರು.

ಅತ್ತೆಗೆ ಅರ್ಥವಾಗಿರಲಿಲ್ಲ. ಆ ತಗಡಿನ ಡಬ್ಬದ ಮೇಲೆ ನನಗೇನೂ ಹೊಟ್ಟೆಕಿಚ್ಚಿರಲಿಲ್ಲ. ನನ್ನ ಹೊಟ್ಟೆಗೆ ಕಿಚ್ಚು ಬಿದ್ದದ್ದು ಒಂದು ಭಾನುವಾರ, ರಫೀಕ್ ಭಾಯ್ ಮನೆಯ ಹಿತ್ತಲಿನಲ್ಲಿ. ಕಾರು ಇದ್ದದ್ದು ಅಲ್ಲಿ, ಹಿಂದೆ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುತ್ತಿದ್ದ ಶೆಡ್ಡಿನೊಳಗೆ. ನಾನು ರಫೀಕ್ ಭಾಯ್ ಹೆಂಡತಿ ಶಮೀಮಾಳ ಜೊತೆ ಅಡುಗೆಮನೆಯಲ್ಲಿ ಕೂತಿದ್ದೆ. ಹಿತ್ತಲಿನಿಂದ ಒಬ್ಬ ಗಂಡಸು ಗಹಗಹಿಸಿ ನಗುವುದು ಕೇಳಿಸಿತು. "ಯಾರೋ ಬಂದಿದ್ದಾರೆ ಅನ್ಸುತ್ತೆ" ಅಂದೆ. ಶಮೀಮಾ ನನ್ನ ಮುಖ ನೋಡಿದಳು. "ಯಾರೂ ಬಂದಿಲ್ಲ ಅಕ್ಕ. ಅದು ನಿಮ್ಮ ಯಜಮಾನ್ರೇ."

ನೀವೇ ಹೇಳಿ, ಗಂಡನ ನಗುವಿನ ಗುರುತು ಹತ್ತದ ಹೆಂಡತಿಯ ಪಾಡು ಹೇಗಿರಬೇಡ! ಎದ್ದು ಹಿತ್ತಲ ಬಾಗಿಲಿಗೆ ಹೋಗಿ ನೋಡಿದೆ. ಇಬ್ಬರೂ ಆಗಷ್ಟೇ ಸಾದಲಿಯ ತನಕ ಒಂದು ಸುತ್ತು ಹೋಗಿ ಬಂದಿದ್ದರು. ಕಾರಿನೊಳಗೇ ಕೂತಿದ್ದರು, ಎಂಜಿನ್ ಓಡುತ್ತಲೇ ಇತ್ತು. ಬಂದ ಕೂಡಲೇ ಆಫ್ ಮಾಡಬಾರದಂತೆ. ಕಾದ ಟರ್ಬೊ ತಣ್ಣಗಾಗುವ ತನಕ ಅದಕ್ಕೆ ಆಯಿಲ್ ಹರಿಯುತ್ತಿರಬೇಕಂತೆ, ಇಲ್ಲದಿದ್ದರೆ ಆಯಿಲ್ ಒಳಗೇ ಸುಟ್ಟು ಇದ್ದಿಲಾಗುತ್ತದಂತೆ. ಬಿಸಿಲಲ್ಲಿ ಕೆಲಸದಿಂದ ಬಂದ ನನ್ನನ್ನು "ಕೂತ್ಕೋ" ಅನ್ನದ ಮನುಷ್ಯ ಟರ್ಬೊಗೆ ಸುಧಾರಿಸಿಕೊಳ್ಳಲು ಬಿಟ್ಟು, ಪಕ್ಕದವರ ಹೆಗಲು ತಟ್ಟಿ ತಟ್ಟಿ, ಉದ್ದುದ್ದ ವಾಕ್ಯಗಳಲ್ಲಿ ಮಾತಾಡುತ್ತಿದ್ದರು!

ಅದಕ್ಕಿಂತ ಹೆಚ್ಚು ನನ್ನನ್ನು ಸುಟ್ಟದ್ದು ಅವರು ಕೇಳುತ್ತಿದ್ದ ರೀತಿ. ಎಂಜಿನ್ನಿನಲ್ಲಿ ಏನೋ ಟಿಕ್ ಅಂದರೆ ಸಾಕು, ಇಬ್ಬರೂ ಉಸಿರು ಬಿಗಿ ಹಿಡಿಯುತ್ತಿದ್ದರು. ರಫೀಕ್ ಭಾಯ್ ಆಕ್ಸಿಲರೇಟರ್ ತುಳಿದರೆ ನಮ್ಮವರು ಒಂದು ತುಂಡು ರಬ್ಬರ್ ಪೈಪನ್ನು ಕಿವಿಗಿಟ್ಟು, ಅದರ ಇನ್ನೊಂದು ತುದಿಯನ್ನು ಎಂಜಿನ್ನಿನ ಸಂದುಗೊಂದುಗಳಲ್ಲಿ ಆಡಿಸುತ್ತಾ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಮ್ಮವರು ಹಾಗೆ ಕಣ್ಣು ಮುಚ್ಚಿ ನನ್ನ ಒಂದು ಮಾತನ್ನೂ ಕೇಳಿದ್ದಿಲ್ಲ. ಬಸ್ಸಿನಲ್ಲಿ ಮನೆಗೆ ಬರುವಾಗ, "ಅದೇನು ಅಷ್ಟೊಂದು ನಗ್ತಿದ್ರಿ?" ಎಂದು ಕೇಳಿದೆ. "ಏನಿಲ್ಲ" ಅಂದರು. ಆ ಏನಿಲ್ಲದಲ್ಲಿ ನನಗೆ ಪ್ರವೇಶವಿರಲಿಲ್ಲ.

ಶಮೀಮಾಳಿಗೆ ಇದೊಂದೂ ತಟ್ಟುತ್ತಿರಲಿಲ್ಲ. "ಇಬ್ರೂ ಬಾನೆಟ್ ಕೆಳಗಿದ್ರೆ ಮನೇಲಿ ಶಾಂತಿ ಅಕ್ಕ. ನಿಮ್ಗೆ ಯಾಕೆ ಅವರ ಚಿಂತೆ?" ಅನ್ನುತ್ತಿದ್ದಳು. ಅವಳ ಮೇಲೂ ಹೊಟ್ಟೆಕಿಚ್ಚು ಪಟ್ಟೆ, ಅಷ್ಟು ನಿರಾಳವಾಗಿರುವುದಕ್ಕೆ.

ಕಾರೋ, ತಿಂಗಳಿಗೊಂದು ಕಾಯಿಲೆ. ನಮ್ಮನೆಯಲ್ಲಿ ಅದರ ಆರೋಗ್ಯವೇ ಭಾನುವಾರದ ಪಂಚಾಂಗ. ಹೊಗೆ ಬೆಳ್ಳಗಿದ್ದು ಹಾಗೇ ಬರುತ್ತಿದ್ದರೆ ರೇಡಿಯೇಟರಿನ ನೀರು ಎಲ್ಲೋ ಒಳಗೆ ಸೇರುತ್ತಿದೆ ಎಂದರ್ಥ. ನೀಲಿಯಾಗಿದ್ದರೆ ಆಯಿಲ್ ಸುಡುತ್ತಿದೆ. ಕಪ್ಪಗಿದ್ದರೆ ಪೆಟ್ರೋಲ್ ಅತಿಯಾಗಿದೆ, ಅಥವಾ ಗಾಳಿ ಸಾಲುತ್ತಿಲ್ಲ. ಇದನ್ನೆಲ್ಲ ನನಗೆ ಯಾರೂ ಕಲಿಸಲಿಲ್ಲ. ಹೊಟ್ಟೆಕಿಚ್ಚಿನವಳ ಕಿವಿ ಚುರುಕು. ಅವರಿಬ್ಬರ ಮಾತನ್ನು ಬಾಗಿಲ ಮರೆಯಿಂದ ಕೇಳಿ ಕೇಳಿ ಕಲಿತೆ.

ಒಂದು ಭಾನುವಾರ ಇಬ್ಬರೂ ನಂದಿಯ ಕಡೆ ಕಾರು ತಂದರು. ಬೆಟ್ಟದ ಏರಿನಲ್ಲಿ ಕಾರು ಎಳೆಯಲಿಲ್ಲ. ಟರ್ಬೊದ ಸಣ್ಣ ಶಿಳ್ಳೆ ಬಂದ ಹಾಗೆ ಮಾಡಿ ಅಡಗಿತು, ಹಿಂದಿನಿಂದ ಹೊಗೆ ಬಂತು. ನಮ್ಮವರು ನೀಲಿ ಅಂದರು: ಟರ್ಬೊದ ಸೀಲು ಹೋಗಿ ಆಯಿಲ್ ಸುಡುತ್ತಿದೆ, ಟರ್ಬೊ ಮುಗಿಯಿತು, ಬಿಚ್ಚಲೇಬೇಕು. ರಫೀಕ್ ಭಾಯ್ ಕಪ್ಪು ಅಂದರು: ಟರ್ಬೊಗೆ ಏನೂ ಆಗಿಲ್ಲ, ಪ್ಲಗ್ಗು ಪೆಟ್ರೋಲ್ ಪಂಪು ನೋಡಿದರೆ ಸಾಕು. ದ್ರಾಕ್ಷಿ ತೋಟದ ಬೇಲಿಯ ಪಕ್ಕ ಕಾರು ನಿಲ್ಲಿಸಿಕೊಂಡು ಶುರುವಾದದ್ದು ಎಲ್ಲಿಗೋ ಹೋಯಿತು.

"ನಿಮ್ಮ ಕೋರ್ಟಿನ ಥರ ಅಲ್ಲ ಸ್ವಾಮಿ ಇದು, ತೀರ್ಪು ಮೊದಲು ಬರೆದು ಸಾಕ್ಷಿ ಆಮೇಲೆ ಕರೆಯೋಕೆ" ಅಂದರಂತೆ ರಫೀಕ್ ಭಾಯ್.

"ನೀವು ವ್ಯಾಪಾರದೋರು. ಹೆಂಗೋ ಓಡಿದ್ರೆ ಆಯ್ತು ನಿಮಗೆ" ಅಂದರಂತೆ ನಮ್ಮವರು.

ರಫೀಕ್ ಭಾಯ್ ಒಬ್ಬರೇ ಕಾರನ್ನು ಕುಂಟಿಸಿಕೊಂಡು ಶಿಡ್ಲಘಟ್ಟಕ್ಕೆ ಹೋದರು. ನಮ್ಮವರು ಬಸ್ಸಿನಲ್ಲಿ ಮನೆಗೆ ಬಂದರು. ಇಷ್ಟನ್ನೂ ನನಗೆ ಹೇಳಿದ್ದು ಶಮೀಮಾ, ಫೋನಿನಲ್ಲಿ. ನಮ್ಮವರು ಹೇಳಿದ್ದು, "ಇನ್ಮೇಲೆ ಭಾನುವಾರ ಎಲ್ಲೂ ಹೋಗಲ್ಲ."

ಮನಸ್ಸಿನಲ್ಲಿ ಹಾಲು ಕುಡಿದಷ್ಟು ಸಂತೋಷವಾಯಿತು ನನಗೆ. ಅವರು ಮನೆಯಲ್ಲಿ ಉಳಿದ ಮೊದಲ ಭಾನುವಾರ ಹಿದಕಿದ ಅವರೆಬೇಳೆ ಸಾರು ಮಾಡಿದೆ. ಉಂಡರು. ಕೇಳದೆಯೇ "ಚೆನ್ನಾಗಿದೆ" ಅಂದರು. ಯಾಕೋ ಆ ಚೆನ್ನಾಗಿದೆ ನನಗೆ ಹಿಡಿಸಲಿಲ್ಲ. ಊಟವಾದ ಮೇಲೆ ಪೇಪರು ಬಿಡಿಸಿ ಒಂದೇ ಪುಟ ನೋಡುತ್ತಾ ಕೂತರು. ಬೀದಿಯಲ್ಲಿ ಯಾವ ಗಾಡಿ ಹೋದರೂ ತಲೆ ಎತ್ತಿ, ಅದು ದೂರವಾದ ಮೇಲೆ ಮತ್ತೆ ತಗ್ಗಿಸುವರು. ಮುಂದಿನ ಭಾನುವಾರವೂ ಹಾಗೇ. ಅದರ ಮುಂದಿನದೂ. ಮನೆಯಲ್ಲಿ ಗಂಡ ಇರಬೇಕು ಅಂತ ಹಂಬಲಿಸಿದ್ದೆ. ಈಗ ಕುರ್ಚಿ ತುಂಬಿತ್ತು, ಮನುಷ್ಯ ಇರಲಿಲ್ಲ. ಇಲ್ಲದ ರಫೀಕ್ ಭಾಯ್ ಎದುರಿಗಿರುವ ನನಗಿಂತ ಹೆಚ್ಚು ಜಾಗ ಹಿಡಿದುಕೊಂಡಿದ್ದರು. ಇದ್ದಾಗ ಅವರ ಜೊತೆ ಪೈಪೋಟಿಗಾದರೂ ನಿಲ್ಲಬಹುದಿತ್ತು.

ಬಟ್ಟೆ ಒಗೆಯುವಾಗ ನನಗೊಂದು ವಿಚಾರ ಹೊಳೆಯಿತು. ನಂದಿಗೆ ಹಾಕಿಕೊಂಡು ಹೋಗಿದ್ದ ಅಂಗಿಯನ್ನು ಅವರು ಬಿಚ್ಚಿ ಮೂಲೆಗೆ ಎಸೆದವರು ಒಗೆಯಲೂ ಕೊಟ್ಟಿರಲಿಲ್ಲ. ಎತ್ತಿ ಮೂಸಿದೆ. ತೋಳಿಗೆಲ್ಲ ಕಪ್ಪು ಮಸಿ, ಅದರಲ್ಲಿ ಅರೆಸುಟ್ಟ ಪೆಟ್ರೋಲಿನ ವಾಸನೆ. ಸುಟ್ಟ ಆಯಿಲ್ ಹೇಗಿರುತ್ತದೆ ಎಂದು ಅವರ ಅಂಗಿಗಳನ್ನು ಉಜ್ಜಿ ಉಜ್ಜಿ ನನ್ನ ಕೈಗೂ ಮೂಗಿಗೂ ಗೊತ್ತಿತ್ತು, ಇದು ಅದಲ್ಲ. ಹಾಗಾದರೆ ಹೊಗೆ ಕಪ್ಪೇ. ರಫೀಕ್ ಭಾಯ್ ಹೇಳಿದ್ದು ಸರಿ ಅಂತ ಗೊತ್ತಾದದ್ದಕ್ಕೆ ಒಳಗೊಳಗೇ ಉರಿಯಿತು. ಆದರೂ ಶಿಡ್ಲಘಟ್ಟದ ಬಸ್ಸು ಹತ್ತಿದೆ.

ರಫೀಕ್ ಭಾಯ್ ಹಿತ್ತಲಿನಲ್ಲಿ ಬಾನೆಟ್ ಎತ್ತಿಕೊಂಡು ಸುಮ್ಮನೆ ನಿಂತಿದ್ದರು. ಪ್ಲಗ್ಗು ಹೊಸದು, ಪಂಪೂ ಬಿಚ್ಚಿ ನೋಡಿಯಾಗಿತ್ತು. ಕಾರು ಮಾತ್ರ ಹಾಗೇ.

"ಒಬ್ನೇ ಏನು ನೋಡ್ಲಿ ಭಾಬಿ? ಒಬ್ರು ತುಳೀಬೇಕು, ಒಬ್ರು ಕೇಳ್ಬೇಕು. ಸ್ವಾಮಿ ಕಿವಿ ಇಲ್ದೆ ನಂಗೆ ಆಗಲ್ಲ."

"ನೀವು ತುಳೀರಿ. ನಾನು ಕೇಳ್ತೀನಿ" ಅಂದೆ.

ಅವರು ಕೊಟ್ಟ ಪೈಪನ್ನು ಕಿವಿಗಿಟ್ಟುಕೊಂಡೆ. ಮೊದಲು ಬರೀ ಗದ್ದಲ. ಆಮೇಲೆ, ಎಕ್ಸ್‌ಚೇಂಜಿನಲ್ಲಿ ಕೆಟ್ಟ ಲೈನಿನ ಗೊರಗೊರದ ನಡುವೆ ಚಿಂತಾಮಣಿಯವರ ದನಿ ಹುಡುಕುವ ಹಾಗೆ, ಒಂದೊಂದೇ ಸದ್ದನ್ನು ಬದಿಗೆ ಸರಿಸುತ್ತಾ ಹೋದೆ. ಟರ್ಬೊದಿಂದ ಎಂಜಿನ್ನಿಗೆ ಗಾಳಿ ಹೋಗುವ ದಪ್ಪ ರಬ್ಬರ್ ಕೊಳವೆಯ ಹತ್ತಿರ, ಅದು ಬಾಗುವ ಕಡೆ, ಒಂದು ತೆಳ್ಳನೆಯ ಸ್ ಅನ್ನುವ ಸದ್ದು ಸಿಕ್ಕಿತು. ರಫೀಕ್ ಭಾಯ್ ತುಳಿದಾಗ ಎಂಜಿನ್ ಅಲುಗಿ, ಆ ಸ್ ನಿಟ್ಟುಸಿರಾಯಿತು. ಕೊಳವೆಯ ಅಡಿಗೆ ಬೆರಳು ತೂರಿಸಿದೆ. ಬಿಗಿಪಟ್ಟಿಯ ಪಕ್ಕದಲ್ಲೇ, ಮೇಲಿನಿಂದ ಕಣ್ಣಿಗೆ ಕಾಣದ ಹಾಗೆ, ರಬ್ಬರು ಬಾಯಿ ಬಿಟ್ಟಿತ್ತು. ಒತ್ತಿ ತುಂಬಿದ ಗಾಳಿಯೆಲ್ಲ ಅಲ್ಲಿಂದ ಸೋರಿಹೋಗಿ, ಬರೀ ಪೆಟ್ರೋಲು ಎಂಜಿನ್ನಿಗೆ ಸೇರುತ್ತಿತ್ತು. ಟರ್ಬೊದ್ದೂ ತಪ್ಪಿಲ್ಲ, ಪಂಪಿನದೂ ಇಲ್ಲ.

ಮನೆಗೆ ಬಂದು ನಮ್ಮವರಿಗೆ ಹೇಳಿದೆ. ಅವರು ಕುರ್ಚಿಯಿಂದ ಎದ್ದೇ ಬಿಟ್ಟರು.

"ನೀನು ಕೇಳಿದ್ಯಾ? ರಫೀಕು ನಿನ್ನ ಕೈಗೆ ಪೈಪ್ ಕೊಟ್ನಾ?"

"ಕೊಟ್ರು."

"ನನ್ನ ಪೈಪಾ?"

ಅವರ ಮುಖ ನೋಡಿದೆ. ನನಗೆ ಚೆನ್ನಾಗಿ ಪರಿಚಯವಿದ್ದ ಕಿಚ್ಚು ಅದು. ಎಷ್ಟೋ ಭಾನುವಾರ ನನ್ನ ಮುಖದಲ್ಲಿ ಉರಿದದ್ದು. ನೋಡಿ ಅಯ್ಯೋ ಅನ್ನಿಸಬೇಕಿತ್ತು. ಸುಳ್ಳು ಯಾಕೆ ಹೇಳಲಿ, ಹಬ್ಬದೂಟ ಉಂಡಷ್ಟು ಹಿತವಾಯಿತು.

ಮಾರನೆಯ ದಿನವೇ ರಜೆ ಹಾಕಿ ನನ್ನ ಜೊತೆ ಶಿಡ್ಲಘಟ್ಟಕ್ಕೆ ಬಂದರು. ಇಬ್ಬರೂ ಗಂಡಸರು ಒಬ್ಬರ ಮುಖ ಒಬ್ಬರು ನೋಡಲಿಲ್ಲ, ಕೊಳವೆಯನ್ನು ನೋಡಿದರು. "ನೀಲಿ ಅಲ್ಲ" ಅಂದರು ನಮ್ಮವರು. "ಪಂಪೂ ಅಲ್ಲ ಬಿಡಿ" ಅಂದರು ರಫೀಕ್ ಭಾಯ್. ಗಂಡಸರ ರಾಜಿ ಇಷ್ಟೇ. ಲಾರಿಯದೊಂದು ರಬ್ಬರ್ ಕೊಳವೆ ಕತ್ತರಿಸಿ ಕೂರಿಸಿದರು. ಸಂಜೆ ನಂದಿಯ ಏರಿಗೆ ಹೊರಟಾಗ ರಫೀಕ್ ಭಾಯ್ ಹಿಂದಿನ ಇಕ್ಕಟ್ಟಿನ ಸೀಟಿಗೆ ತಾವೇ ತೂರಿಕೊಂಡು, "ಭಾಬಿ ಮುಂದೆ ಕೂತ್ಕೊಳ್ಳಲಿ" ಅಂದರು. ಏರು ಶುರುವಾಯಿತು. ಸಣ್ಣಗೆ ಶಿಳ್ಳೆ ಎದ್ದಿತು, ಬೆನ್ನನ್ನು ಯಾರೋ ಸೀಟಿಗೆ ಒತ್ತಿದ ಹಾಗಾಯಿತು, ದ್ರಾಕ್ಷಿ ತೋಟಗಳು ಹಿಂದಕ್ಕೆ ಓಡಿದವು. ನಾನು ಜೋರಾಗಿ ನಕ್ಕುಬಿಟ್ಟೆ. ಕಾರು ಓಡಿಸುತ್ತಿದ್ದ ನಮ್ಮವರು ರಸ್ತೆಯಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದರು. ಈ ನಗು ಯಾರದು ಎಂದು ಅವರಿಗೂ ಗುರುತು ಹತ್ತಿರಲಿಲ್ಲ.

ಅಲ್ಲಿಂದ ಮುಂದೆ ಏನೇ ಸದ್ದಾದರೂ ರಫೀಕ್ ಭಾಯ್, "ಭಾಬೀನ ಕರೀರಿ" ಅನ್ನುತ್ತಿದ್ದರು. ನಮ್ಮವರು ಮುಖ ಊದಿಸಿಕೊಂಡು ತಾವೂ ಬಂದು ಪಕ್ಕ ನಿಲ್ಲುತ್ತಿದ್ದರು. ಬಿಡಿಭಾಗ ಸಿಗದೆ ಕಾರನ್ನು ಮಾರುವ ತನಕ ಹೀಗೇ ನಡೆಯಿತು. ಮಾರಿದ ಮೇಲೂ ಭಾನುವಾರಗಳು ತಪ್ಪಲಿಲ್ಲ.

ಈ ಬೇಸಿಗೆಯಲ್ಲಿ ರಫೀಕ್ ಭಾಯ್ ತೀರಿಕೊಂಡರು. ಮಣ್ಣು ಮಾಡಿ ಬಂದ ನಮ್ಮವರು ಮತ್ತೆ ಆ ಕುರ್ಚಿಯಲ್ಲಿ ಕೂತವರು ಮಾತೇ ಬಿಟ್ಟರು. ನಾನು ಸತ್ತರೂ ಈ ಮನುಷ್ಯ ಇಷ್ಟೇ ದಿನ ಸುಮ್ಮನಿರುತ್ತಾರಾ, ಇಲ್ಲಾ ಎರಡು ದಿನ ಕಡಿಮೆಯಾ ಎಂದು ಯೋಚಿಸುತ್ತಿದ್ದೆ. ನಗಬೇಡಿ. ಈ ವಯಸ್ಸಿನಲ್ಲೂ ಹೊಟ್ಟೆಕಿಚ್ಚು ಬಿಡುವುದಿಲ್ಲ.

ಇವತ್ತು ಬೆಳಿಗ್ಗೆ ನಾನು ಹಾಲಿನ ಪಾತ್ರೆ ಹಿಡಿದು ನಿಂತಿದ್ದಾಗ ಹಿಂದೆ ಚಪ್ಪಲಿಯ ಸದ್ದಾಯಿತು. ನಮ್ಮವರು ಬಾಗಿಲಿಗೆ ಬಂದಿದ್ದರು.

"ವಾಲ್ವ್ ಸೀಲು ಹೋಗಿದೆ" ಅಂದರು, ಯಾರಿಗೂ ಅಲ್ಲದ ಹಾಗೆ.

"ಅಲ್ಲ ರೀ" ಅಂದೆ. "ಸೀಲಾದ್ರೆ ಸ್ಟಾರ್ಟ್ ಮಾಡಿದಾಗ ಒಂದಿಷ್ಟು ನೀಲಿ ಹೊಗೆ ಬಂದು ನಿಲ್ಬೇಕು. ಇದು ನಿಲ್ತಾನೇ ಇಲ್ಲ ನೋಡಿ. ಪಿಸ್ಟನ್ ರಿಂಗು."

"ನಿಂಗೇನು ಗೊತ್ತು? ರಾತ್ರಿಯೆಲ್ಲ ನಿಂತಿದ್ದ ಗಾಡಿ ಅದು, ಎಷ್ಟು ಆಯಿಲ್ ಇಳಿದಿರುತ್ತೆ ಲೆಕ್ಕ ಹಾಕು. ಇನ್ನೂ ಸ್ವಲ್ಪ ಹೊತ್ತು ನೋಡ್ಬೇಕು. ಮೊದಲೇ ತೀರ್ಪು ಕೊಡ್ಬಾರದು..."

ಮಾತು ಉದ್ದವಾಗುತ್ತಾ ಹೋಯಿತು. ಕಾರಿನವರು ಗಾಬರಿಯಿಂದ ನಮ್ಮಿಬ್ಬರನ್ನೂ ನೋಡುತ್ತಿದ್ದರು. ನನ್ನ ಮಾತೇ ಸರಿ ಎಂದು ನನಗೆ ಗೊತ್ತಿತ್ತು. ಹೌದು ಭಾಬಿ ಅನ್ನಲು ಒಬ್ಬರು ಇರಬೇಕಿತ್ತು. ಅವರಿಲ್ಲವಲ್ಲ ಎಂದು ನನ್ನ ಕಣ್ಣೂ ಮಂಜಾಯಿತು. ಸೆರಗಿನಿಂದ ಒರೆಸಿಕೊಂಡು, ಹೊಗೆ ಅಂದುಕೊಳ್ಳಲಿ ಎಂದು, ಜಗಳ ಮುಂದುವರಿಸಿದೆ.