ಹುಳುಮನೆಯ ಸದ್ದು ನಿಂತ ಹೊತ್ತು

ಅಕ್ಕೂರಿನ ಶಿವಲಿಂಗಮ್ಮ ನನ್ನ ದೊಡ್ಡವ್ವ. ಮೂವತ್ತು ವರ್ಷದಿಂದ ರೇಷ್ಮೆ ಹುಳು ಸಾಕುತ್ತಿದ್ದಾಳೆ, ಅದೂ ಕಿವಿಯಿಂದ. ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಹುಳುಗಳು ಸೊಪ್ಪು ತಿನ್ನುವಾಗ ಹೆಂಚಿನ ಮೇಲೆ ಮಳೆ ಬಿದ್ದ ಹಾಗೆ ಸದ್ದಾಗುತ್ತದೆ. ಹೊಸಿಲಾಚೆ ನಿಂತೇ ಯಾವ ತಟ್ಟೆಗೆ ಸೊಪ್ಪು ಸಾಲದು ಎಂದು ಹೇಳಿಬಿಡುತ್ತಾಳೆ. ಹೊಗೆಯ ವಾಸನೆ ಹುಳುವಿಗೆ ಆಗದು; ಊದುಕಡ್ಡಿ ಹಚ್ಚಿದ ಕೈಯಲ್ಲಿ ಹುಳುಮನೆಗೆ ಹೋದರೆ ಪೂಜಾರಿಯೂ ಬೈಗುಳ ತಿನ್ನಬೇಕು.

ಅಂಥ ಮನೆಗೆ ಸಿನಿಮಾದವರನ್ನು ಕರೆತಂದ ಬುದ್ಧಿಗೇಡಿ ನಾನು, ಕೆಂಪರಾಜು. ರಾಮನಗರದ ಸುತ್ತಮುತ್ತ ಶೂಟಿಂಗಿಗೆ ಜಾಗ ತೋರಿಸುವುದು ನನ್ನ ಕಸುಬು. ನಿರ್ದೇಶಕ ಮಹಾ ಮೇಧಾವಿಯಂತೆ ವಿವರಿಸಿದ: ಕೊಲೆಗಾರನನ್ನು ತೋರಿಸಲೇಬಾರದು. ಕತ್ತಲ ಕೋಣೆ, ಅರೆತೆರೆದ ಬಾಗಿಲು, ಸಂದಿಯ ಬೆಳಕಿನಲ್ಲಿ ಒಂದೆಳೆ ಹೊಗೆ. ಹುಳು ತಿನ್ನುವ ಸದ್ದು ಕೇಳುತ್ತಲೇ ಇರಬೇಕು. ಅದು ನಿಂತಾಗ ನೋಡುವವನ ಉಸಿರೂ ನಿಲ್ಲಬೇಕು.

"ಹುಳ ತಿನ್ನೋದ್ನ ನಿಲ್ಲಿಸೋದು ಹೆಂಗೆ ಸಾರ್?" ಎಂದು ಕೇಳಿದೆ.

"ಅದೆಲ್ಲ ಎಡಿಟಿಂಗಲ್ಲಿ," ಎಂದ.

ಬೆಳಿಗ್ಗೆಯೇ ಕಿಟಕಿಗಳಿಗೆ ಕರಿಬಟ್ಟೆ ಕಟ್ಟಿ ರಾತ್ರಿ ಮಾಡಿದರು. ಬಳೆ ಸದ್ದು ಮೈಕಿಗೆ ಬೀಳುತ್ತದೆಂದು ದೊಡ್ಡವ್ವನನ್ನು ಅವಳ ಹುಳುಮನೆಯಿಂದಲೇ ಹೊರಗೆ ಕಳಿಸಿದರು.

"ನೀನಿದ್ದೀಯಲ್ಲ ಮಗ, ಒಸಿ ಕಿವಿ ಕೊಟ್ಟಿರು. ಸದ್ದು ಕಮ್ಮಿ ಆದ್ರೆ ಕೂಗ್ಬುಡು," ಎಂದು ಅವಳು ತೋಟಕ್ಕೆ ಹೋದಳು.

ಹೊಗೆ ಬೇಕಲ್ಲ, ಸೊಳ್ಳೆ ಬತ್ತಿ ಹಚ್ಚಿದರು. ಒಂದಲ್ಲ, ಆರು. ಸೊಳ್ಳೆ ಕೊಲ್ಲುವ ಹೊಗೆ ರೇಷ್ಮೆ ಹುಳುವನ್ನು ಬಿಡುತ್ತದೆಯೇ? ಮಧ್ಯಾಹ್ನದ ಹೊತ್ತಿಗೆ ಸದ್ದು ತೆಳುವಾಯಿತು. ಆ ಸದ್ದಿನಲ್ಲೇ ಬೆಳೆದವನು ನಾನು, ನನಗೆ ಕೇಳಿಸಿತು. ಕೂಗಲು ಬಾಯಿ ತೆರೆದೆ. ನಿರ್ದೇಶಕ ತುಟಿಯ ಮೇಲೆ ಬೆರಳಿಟ್ಟ. ಬಾಯಿ ಮುಚ್ಚಿಕೊಂಡೆ.

ಸಂಜೆಗೆ ಹುಳುಗಳೆಲ್ಲ ಹಸಿರು ಕಕ್ಕಿ ಸತ್ತಿದ್ದವು. ಬತ್ತಿಯ ಬೂದಿಯನ್ನೂ ಬಿಡದೆ ಗುಡಿಸಿಕೊಂಡು ಸಿನಿಮಾದವರು ಹೊರಟುಹೋಗಿದ್ದರು.

"ಪಕ್ಕದ ಹೊಲಕ್ಕೆ ಕರಿಯಪ್ಪ ಔಷಧಿ ಹೊಡೆದವ್ನೆ ದೊಡ್ಡವ್ವ, ನಿನ್ ಸೊಪ್ಪಿಗೆ ಬಿದ್ದಿರ್ಬೇಕು," ಎಂದೆ. ಎಂಥ ನಾಲಿಗೆ ನನ್ನದು! ಅವಳು ಕರಿಯಪ್ಪನ ಮನೆ ಮುಂದೆ ನಿಂತು ಮಣ್ಣು ತೂರಿ ಶಾಪ ಹಾಕಿದಳು. ಅವನು ಎಷ್ಟು ಆಣೆ ಇಟ್ಟರೂ ನಂಬಲಿಲ್ಲ. ಒಂದು ವರ್ಷ ಎರಡು ಮನೆಗೂ ಮಾತಿಲ್ಲ.

ಆಮೇಲೆ ಸಿನಿಮಾ ಬಂತು. "ನನ್ ಹುಳ ನೋಡ್ಬೇಕು ಕಣ್ಲಾ," ಎಂದು ದೊಡ್ಡವ್ವ ಹಟ ಹಿಡಿದಳು. ತಪ್ಪಿಸಿಕೊಳ್ಳಲು ದಾರಿ ಕಾಣದೆ ಚನ್ನಪಟ್ಟಣದ ಟಾಕೀಸಿಗೆ ಮ್ಯಾಟಿನಿಗೆ ಕರೆದುಕೊಂಡು ಹೋದೆ.

ಬಾಗಿಲ ಸಂದಿ, ಬೆಳಕು, ಹೊಗೆ, ಮಳೆಯಂಥ ಸದ್ದು. ಟಾಕೀಸಿನಲ್ಲಿ ಯಾರೂ ಅಲುಗಾಡಲಿಲ್ಲ. ದೃಶ್ಯ ಕಟ್ಟಿದ್ದು ಚೆನ್ನಾಗಿತ್ತು, ನನ್ನ ಹೊಟ್ಟೆ ಉರಿಯುವುದು ಅದಕ್ಕೇ. ಸದ್ದು ತೆಳುವಾಯಿತು. ಅಲ್ಲೊಂದು ಇಲ್ಲೊಂದು ಹುಳು ತಿನ್ನುವುದಷ್ಟೇ ಕೇಳಿಸಿತು. ಅದೂ ನಿಂತಿತು. ಹಿಂದಿನ ಸಾಲಿನಲ್ಲಿ ಯಾರೋ ಹುಡುಗಿ ಕಿರುಚಿದಳು.

ದೊಡ್ಡವ್ವ ಎದ್ದು ನಿಂತಳು. "ಇದು ಕತೆಗೆ ಮಾಡಿದ್ದಲ್ಲ ಕಣ್ಲಾ. ನನ್ ಹುಳ ಸತ್ತಿದ್ದೇ ಇದು."

"ಕೂತ್ಕೊಳಮ್ಮೋ!" ಎಂದು ಹಿಂದಿನವರು ಕೂಗಿದರು.

ಕೂರಲಿಲ್ಲ. ಪರದೆಯ ಬೆಳಕಿನಲ್ಲಿ ನನ್ನ ಮುಖ ನೋಡಿದಳು. "ನೀನು ಒಳಗೇ ಇದ್ದೆ. ಕೇಳುಸ್ಲಿಲ್ವಾ?"

"ಕೇಳುಸ್ತು ದೊಡ್ಡವ್ವ."

ಕೆನ್ನೆಗೆ ಬಾರಿಸಿದಳು. ಸಾಲದು, ಇನ್ನೂ ನಾಲ್ಕು ಬೀಳಬೇಕಿತ್ತು.

ಬಸ್ಸಿನಲ್ಲಿ ಸೊಳ್ಳೆ ಬತ್ತಿಯಿಂದ ಹಿಡಿದು ತುಟಿಯ ಮೇಲಿಟ್ಟ ಬೆರಳಿನವರೆಗೆ ಎಲ್ಲ ಹೇಳಿದೆ. ಅವಳು ಅಕ್ಕೂರಿನಲ್ಲಿ ಇಳಿದು ತನ್ನ ಮನೆಗೆ ಹೋಗದೆ ನೇರ ಕರಿಯಪ್ಪನ ಜಗುಲಿಯ ಮುಂದೆ ನನ್ನನ್ನು ನಿಲ್ಲಿಸಿದಳು. ಕರಿಯಪ್ಪ ಹೊರಗೆ ಬಂದ.

"ಇಲ್ಲಿ ಯಾರೂ ತುಟಿ ಮೇಲೆ ಬೆರಳಿಟ್ಟಿಲ್ಲ," ಎಂದಳು ದೊಡ್ಡವ್ವ. "ಬಾಯ್ ಬುಡ್ಲಾ."